ಸೌಕಾರ್‌ಪೇಟೆಯಲ್ಲಿ ಅವ್ವನ ಬೆಂಡೋಲೆ

ಬಳ್ಳಾರಿಯಿಂದ ಅವ್ವ ಕಳಿಸಿದ್ದ ಬೆಂಡೋಲೆಯಲ್ಲಿ ಒಂದು ಕೆಂಪಿನ ಕಲ್ಲು ಬಿದ್ದುಹೋಗಿತ್ತು. ಚೆನ್ನೈಯಲ್ಲಿ ಕಲ್ಲು ಬೇಕೆಂದರೆ ಎಲ್ಲರೂ ಕೈ ತೋರಿಸುವುದು ಸೌಕಾರ್‌ಪೇಟೆಯ ಕಡೆಗೆ. ಎಂಟನೇ ಕ್ಲಾಸಿನ ಮಗಳೂ ಜೊತೆಗೆ ಹೊರಟಳು. ಅವಳಿಗೆ ಕಲ್ಲಿನ ಹುಚ್ಚು. ಊರಿಗೆ ಹೋದಾಗಲೆಲ್ಲ ಸಂಡೂರು ಕಡೆಯ ಪಟ್ಟೆಪಟ್ಟೆ ಕಬ್ಬಿಣದ ಕಲ್ಲುಗಳನ್ನು ಚೀಲಕ್ಕೆ ತುಂಬಿಕೊಂಡು ಬರುತ್ತಾಳೆ.

ಇಲ್ಲಿನ ಮಿಂಟ್ ಸ್ಟ್ರೀಟ್‌ಗೆ ತಮಿಳಿನಲ್ಲಿ ತಂಗಸಾಲೈ ಎನ್ನುತ್ತಾರೆ. ತಂಗಂ ಎಂದರೆ ಚಿನ್ನವಲ್ಲವೇ, ಚಿನ್ನದ ಬೀದಿ ಇರಬೇಕು ಎಂದೇ ಬಹಳ ದಿನ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅದು ನಮ್ಮ ಟಂಕಸಾಲೆ! ಕಂಪನಿ ಸರ್ಕಾರದ ನಾಣ್ಯಗಳು ಅಚ್ಚಾಗುತ್ತಿದ್ದ ಬೀದಿ. ಈಗ ಮಾರವಾಡಿ, ಗುಜರಾತಿ ಅಂಗಡಿಗಳು, ಕಚೋರಿಯ ವಾಸನೆ, ಭುಜಕ್ಕೆ ತಾಗುವ ಬೈಕುಗಳು. ಪೂರ್ವಕ್ಕೆ ನಡೆದರೆ ಮುತ್ಯಾಲಪೇಟೆ. ಅಲ್ಲಿ ಹವಳದ ವ್ಯಾಪಾರಿಗಳ ಬೀದಿ ಇನ್ನೂ ಅದೇ ಹೆಸರಿನಲ್ಲಿದೆ. 17ನೇ ಶತಮಾನದಲ್ಲಿ ಯಹೂದಿ ವ್ಯಾಪಾರಿಗಳು ಮೆಡಿಟರೇನಿಯನ್ ಹವಳ ತಂದು, ಗೋಲ್ಕೊಂಡದ ವಜ್ರ ಒಯ್ಯುತ್ತಿದ್ದರು.

ಮಹಡಿಯ ಮೇಲಿನ ಚಿಕ್ಕ ಅಂಗಡಿಯಲ್ಲಿ ಒಬ್ಬ ವಯಸ್ಸಾದ ವ್ಯಾಪಾರಿ ಬೆಂಡೋಲೆಯನ್ನು ಭೂತಗಾಜಿನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮಗಳ ಕೈಗೇ ಭೂತಗಾಜು ಕೊಟ್ಟರು. "ಒಳಗೆ ಏನು ಕಾಣ್ತದೆ ಬೇಟಿ?"

"ದುಂಡಗೆ, ಸಣ್ಣ ಗುಳ್ಳೆಗಳು."

"ಗಾಜು, ಬೆಹನ್‌ಜಿ," ಎಂದರು ನನ್ನ ಕಡೆ ತಿರುಗಿ, ಮೆಲ್ಲಗೆ.

ಅಜ್ಜ ಹತ್ತಿ ಮಾರಿದ ದುಡ್ಡಿನಲ್ಲಿ ಅವ್ವನ ಮದುವೆಗೆ ಮಾಡಿಸಿದ್ದು. ನನಗೆ ಮಾತೇ ಹೊರಡಲಿಲ್ಲ. ಜೋಡಿಗೆ ಹೊಂದುವ ಇನ್ನೊಂದು ಗಾಜನ್ನೇ ಹುಡುಕಿ ಕೂರಿಸಿಕೊಟ್ಟರು. ಕಲ್ಲಿಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಕೂಲಿ ಮಾತ್ರ.

ಮಗಳ ಮುಖ ಬಾಡಿದ್ದು ನೋಡಿ ಅವಳನ್ನು ಎಗ್ಮೋರ್ ಮ್ಯೂಸಿಯಮ್ಮಿಗೆ ಕರೆದೊಯ್ದೆ. ಆ ಮ್ಯೂಸಿಯಂ ಹುಟ್ಟಿದ್ದೇ ಹವ್ಯಾಸಿಗಳ ಕಲ್ಲಿನ ಸಂಗ್ರಹದಿಂದ. 1812ರಲ್ಲಿ ಶುರುವಾದ ಮದ್ರಾಸ್ ಲಿಟರರಿ ಸೊಸೈಟಿ ಹೆಸರಿಗೆ ಸಾಹಿತ್ಯ ಸಂಘ, ಆದರೆ ಅದರ ಬಳಿ ಪುಸ್ತಕಗಳ ಜೊತೆಗೆ ಕಲ್ಲುಗಳೂ ರಾಶಿ ಬಿದ್ದಿದ್ದವು. ಸುಮಾರು 1,100 ಕಲ್ಲುಗಳನ್ನು ಸಂಘ ಸರ್ಕಾರಕ್ಕೆ ಕೊಟ್ಟಿತು. 1851ರಲ್ಲಿ ಸರ್ಜನ್ ಎಡ್ವರ್ಡ್ ಬಾಲ್ಫೋರ್ ಅವುಗಳನ್ನಿಟ್ಟುಕೊಂಡು ಫೋರ್ಟ್ ಸೇಂಟ್ ಜಾರ್ಜ್ ಕಾಲೇಜಿನ ಮಹಡಿಯಲ್ಲಿ ಮ್ಯೂಸಿಯಂ ತೆರೆದರು. 1854ರಲ್ಲಿ ಅದು ಎಗ್ಮೋರಿಗೆ ಬಂತು. ಸಂಘದ ಲೈಬ್ರರಿ ನುಂಗಂಬಾಕ್ಕಂನ ಕಾಲೇಜ್ ರಸ್ತೆಯಲ್ಲಿ ಇವತ್ತಿಗೂ ಇದೆ.

ನಮ್ಮೂರ ಕಲ್ಲುಗಳೂ ಇಲ್ಲಿಗೆ ಬಂದಿವೆ. ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನ ಇಲಾಖೆಯ ನೌಕರ. ಕಲ್ಲಿನ ಆಯುಧ ಹುಡುಕುವುದು ಅವರ ಸ್ವಂತ ಹುಚ್ಚು. 1863ರ ಮೇ 30ರಂದು ಇಲ್ಲೇ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲೊಂದು ಸಿಕ್ಕಿತು. ಆಮೇಲೆ ಬಳ್ಳಾರಿಯ ಗುಡ್ಡಗಳನ್ನೆಲ್ಲ ಸುತ್ತಿದರು. ಅವರ ಸಂಗ್ರಹವನ್ನು 1904ರಲ್ಲಿ ಈ ಮ್ಯೂಸಿಯಂ ಕೊಂಡಿತು. ಅದರ ಪಟ್ಟಿಯಲ್ಲಿ ಯಾವ ಕಲ್ಲು ಯಾವ ಜಿಲ್ಲೆಯ ಯಾವ ಜಾಗದ್ದು ಎಂದು ಬರೆದಿದೆ.

ಕಲ್ಲು ಕೂಡಿಸುವವರ ಮೊದಲ ಪಾಠ ಇದೇ. ಎಲ್ಲಿ ಸಿಕ್ಕಿತೆಂಬ ಚೀಟಿ ಕಳೆದುಹೋದರೆ, ಎಷ್ಟೇ ಚೆಂದದ ಕಲ್ಲಾದರೂ ಅರ್ಧ ಕಥೆ ಹೋದಂತೆ. ಸೌಕಾರ್‌ಪೇಟೆಯಲ್ಲಿ ಕಲ್ಲಿಗೆ ಕೇಳುವ ಮೊದಲ ಪ್ರಶ್ನೆ ಅಸಲಿಯೋ ನಕಲಿಯೋ. ಇಲ್ಲಿ ಕೇಳುವುದು, ನೀನು ಯಾವೂರು? ಪರಊರಲ್ಲಿರುವ ನಮ್ಮನ್ನು ಜನ ಕೇಳುವ ಹಾಗೆಯೇ.

ರಾತ್ರಿ ಅವ್ವನ ಫೋನು. "ಕೆಂಪು ಸಿಕ್ತಾ?"

"ಸಿಕ್ತವ್ವ. ಜೋಡಿಗೆ ಸರಿಯಾಗಿ ಹೊಂದ್ಯದ."

ಹೇಳಿದ್ದು ಸುಳ್ಳಲ್ಲ. ಮಗಳು ಅಷ್ಟರಲ್ಲಿ ತನ್ನ ಕಲ್ಲುಗಳಿಗೆಲ್ಲ ಚೀಟಿ ಬರೆಯುತ್ತಾ ಕೂತಿದ್ದಳು. ಬೆಂಡೋಲೆಗೂ ಒಂದು ಬರೆದಿದ್ದಳು: "ಗಾಜು. ಬಳ್ಳಾರಿ. ಅಜ್ಜಿಯ ಮದುವೆ."

ಬೆಂಡೋಲೆಯನ್ನು ಪಾರ್ಸೆಲ್ ಮಾಡಿದೆ. ಚೀಟಿ ನನ್ನ ಹತ್ತಿರವೇ ಇದೆ.