ಮಂಡಿಕಲ್ಲಿನ ಬಿಳಿ ಗೂಡು

ಬೆಳಿಗ್ಗೆ ಗುಡಿಬಂಡೆಯ ಕೋಟೆ ಹತ್ತಿದ್ದೆ. ಹದಿನೇಳನೇ ಶತಮಾನದಲ್ಲಿ ಪಾಳೇಗಾರ ಬೈರೇಗೌಡ ಕಟ್ಟಿಸಿದ ಕೋಟೆ ಅದು. ಬಂಡೆಯ ತಗ್ಗುಗಳಲ್ಲಿ ಮಳೆನೀರು ಹಿಡಿಯುವ ಕೊಳಗಳು, ಕೆಳಗೆ ಅವನ ಹೆಸರು ಹೊತ್ತ ಬೈರಸಾಗರ ಕೆರೆ. ಕತ್ತಿ ಹಿಡಿದವನ ನೆನಪು ನೀರಿನಲ್ಲಿ ಉಳಿದಿದೆಯಲ್ಲ ಎಂದುಕೊಂಡು ಮಂಡಿಕಲ್ಲಿಗೆ ಬಂದೆ.

ಅಲ್ಲಿ ಹಿಪ್ಪುನೇರಳೆ ತೋಟದ ನಡುವೆ ಒಂದು ರೇಷ್ಮೆಹುಳು ಮನೆ. 'ಚಪ್ಪಲಿ ಆಚೆ ಬಿಡಿ ಸಾರ್, ಸುಣ್ಣ ತುಳಿದು ಬನ್ನಿ' ಎಂದರು ಮನೆಯಾಕೆ. ಒಳಗೆ ಬಿದಿರಿನ ಚಂದ್ರಿಕೆಗಳ ತುಂಬ ಬಿಳಿ ಗೂಡುಗಳು, ಕತ್ತಲಲ್ಲಿ ದೀಪ ಹಚ್ಚಿಟ್ಟ ಹಾಗೆ. ಒಂದನ್ನು ಬಿಡಿಸಿ ಕಿವಿಯ ಬಳಿ ಅಲ್ಲಾಡಿಸಿದರು: ಟಕ್. 'ಒಳಗೆ ಕೋಶ ಕಟ್ಟೈತೆ. ನಾಳೆ ಶಿಡ್ಲಘಟ್ಟದ ಮಾರ್ಕೆಟ್ಟಿಗೆ.'

ಹೆಬ್ಬೆರಳಿನಷ್ಟು ಗೂಡು. ಬಿಚ್ಚಿದರೆ ಸುಮಾರು ಒಂದು ಕಿಲೋಮೀಟರ್ ಎಳೆ! ನಮ್ಮ ಹಳೆಯ ಗೂಡು ಹಳದಿ. ಈ ಬಿಳಿ ದ್ವಿತಳಿಯ ಹಿಂದೆ ಜಪಾನ್ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಗೇ ಜಮ್‌ಶೇಟ್‌ಜಿ ಟಾಟಾ ಬೆಂಗಳೂರಿನ ತಮ್ಮ ರೇಷ್ಮೆ ತೋಟಕ್ಕೆ ಜಪಾನಿ ತಜ್ಞರನ್ನು ಕರೆಸಿದ್ದರು. 1990ರ ದಶಕದಲ್ಲಿ ಜಪಾನಿನ ನೆರವಿನಿಂದ ಮೈಸೂರಿನ ಸಂಶೋಧನಾ ಸಂಸ್ಥೆ ನಮ್ಮ ಬಿಸಿಲಿಗೆ ಒಗ್ಗುವ ಬಿಳಿ ತಳಿಗಳನ್ನು ರೂಪಿಸಿತು.

ಜಪಾನಿನ ಸಾನಾದಾ ಎಂಬ ಸಮುರಾಯ್ ಮನೆತನದ ಕಥೆಯನ್ನು ಆಕೆಗೆ ಹೇಳಿದೆ. ಅವರ ಬಾವುಟದಲ್ಲಿ ಆರು ನಾಣ್ಯ: ಸತ್ತವರು ಹೊಳೆ ದಾಟಲು ಕೊಡುವ ಸುಂಕ. 'ನಮ್ಮಲ್ಲೂ ಹಣೆಗೆ ಕಾಸು ಇಡ್ತೀವಲ್ಲ' ಎಂದರು ಆಕೆ. 1600ರ ಯುದ್ಧದಲ್ಲಿ ಅಪ್ಪ, ಕಿರಿಮಗ ಒಂದು ಕಡೆ. ಹಿರಿಮಗ ಎದುರು ಕಡೆ. ಕಿರಿಯವನು 1615ರಲ್ಲಿ ಒಸಾಕಾದಲ್ಲಿ ಕಾದಾಡಿ ಮಡಿದು ದಂತಕಥೆಯಾದ. ಹಿರಿಯವನ ವಂಶ ಮಾತ್ಸುಶಿರೋ ಸಂಸ್ಥಾನವನ್ನು 1622ರಿಂದ 1871ರವರೆಗೆ ಆಳಿತು. ಆಮೇಲೆ ಸಂಸ್ಥಾನವೂ ಹೋಯಿತು, 1876ರಲ್ಲಿ ಸೊಂಟದ ಕತ್ತಿಗೂ ನಿಷೇಧ ಬಂತು.

ಅಷ್ಟರಲ್ಲಿ ತೊಮಿಯೊಕಾದಲ್ಲಿ ಸರ್ಕಾರಿ ರೇಷ್ಮೆ ಕಾರ್ಖಾನೆ ಶುರುವಾಗಿತ್ತು. ಕಲಿಸಲು ಬಂದ ಫ್ರೆಂಚರು ಕುಡಿಯುವ ಕೆಂಪು ವೈನ್ ರಕ್ತವೇ ಎಂಬ ಗಾಳಿಮಾತು! ಹೆಣ್ಣುಮಕ್ಕಳನ್ನು ಕಳಿಸುವವರಿಲ್ಲ. 1873ರಲ್ಲಿ ಮಾತ್ಸುಶಿರೋದ ಸಮುರಾಯ್ ಒಬ್ಬ ತನ್ನ ಮಗಳನ್ನೇ ಮುಂದೆ ಕಳಿಸಿದ. ಏಯ್ ಎಂಬ ಆ ಹದಿಹರೆಯದ ಹುಡುಗಿ ಗೂಡಿನಿಂದ ಎಳೆ ತೆಗೆಯುವ ಬಿಚ್ಚಾಣಿಕೆ ಕಲಿತು, ಮರುವರ್ಷ ಊರಿಗೆ ಮರಳಿ ಉಳಿದವರಿಗೆ ಕಲಿಸಿದಳು. ಮುಂದೆ ವಾದಾ ಏಯ್ ಎಂಬ ಹೆಸರಿನಿಂದ ಆ ದಿನಗಳ ನೆನಪುಗಳನ್ನೂ ಬರೆದಿಟ್ಟಳು.

ಮನೆಯಾಕೆ ಸುಮ್ಮನೆ ಕೇಳುತ್ತಿದ್ದರು. ಯುದ್ಧ, ಸಂಸ್ಥಾನ ಯಾವುದೂ ಅವರನ್ನು ತಟ್ಟಿದಂತಿರಲಿಲ್ಲ. ಗೂಡನ್ನು ನನ್ನ ಅಂಗೈಗಿಟ್ಟು ಒಂದೇ ಮಾತು ಕೇಳಿದರು:

'ಬಿಸಿನೀರಲ್ಲಿ ಆ ಮಗೀನ ಬೆರಳು ಬೆಂದಿರ್ತಾವೆ, ಅಲ್ವಾ ಸಾರ್?'