ಸಯೀದ್ ಜಾಫ್ರಿಯವರ ಎರಡು ಅಂಗಡಿ

ಸಯೀದ್ ಜಾಫ್ರಿಯವರನ್ನು ನಾವು ಮೊದಲು ಕಂಡದ್ದು ಒಂದು ಪಾನ್ ಅಂಗಡಿಯಲ್ಲಿ. ದೂರದರ್ಶನದಲ್ಲಿ 'ಚಶ್ಮೆ ಬದ್ದೂರ್' ಸಿನಿಮಾ ಹಾಕಿದ್ದರು. 1981ರ ಸಿನಿಮಾ, ನಮ್ಮ ಮೊಹಲ್ಲಾದ ಟಿವಿಗೆ ಬರುವಷ್ಟರಲ್ಲಿ ಹತ್ತು ವರ್ಷ ಹಳತಾಗಿತ್ತು. ದಿಲ್ಲಿಯ ಮೂವರು ಹುಡುಗರು ಉದ್ರಿ ಸಿಗರೇಟು ಸೇದುತ್ತಾ, ದುಡ್ಡು ಕೇಳಿದರೆ ಮಾತು ತಿರುಗಿಸುತ್ತಾ ಕಾಲ ಹಾಕುತ್ತಾರೆ. ಅಂಗಡಿಯ ಒಡೆಯ ಲಲ್ಲನ್ ಮಿಯಾ ಬೈಯುತ್ತಾರೆ, ಬೆದರಿಸುತ್ತಾರೆ, ಮತ್ತೆ ಉದ್ರಿ ಕೊಡುತ್ತಾರೆ. ಆ ಪಾತ್ರಕ್ಕೆ ಸಿನಿಮಾದಲ್ಲಿ ಹೆಚ್ಚು ಹೊತ್ತಿಲ್ಲ. ಆದರೆ ಮಾರನೆಯ ದಿನ ಶಾಲೆಯಲ್ಲಿ ನಾವೆಲ್ಲ ಅನುಕರಿಸಿದ್ದು ನಾಯಕನನ್ನಲ್ಲ, ಲಲ್ಲನ್ ಮಿಯಾರನ್ನು.

ಅದಕ್ಕೆ ಕಾರಣ ಅವರ ದನಿ. ನಾವು ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಕನ್ನಡ ಶಾಲೆಗೆ ಹೋದವರು. ಉರ್ದು ಶಾಲೆಯ ನಮ್ಮ ಉಸ್ತಾದರಿಗೆ ಒಂದೇ ಕೊರಗು. ಗಂಟಲಿನ ಆಳದಿಂದ ಬರಬೇಕಾದ 'ಕಾಫ್' ಅಕ್ಷರ ನಮ್ಮ ದಖನಿ ಬಾಯಲ್ಲಿ 'ಖ' ಆಗಿಬಿಡುತ್ತದೆ ಎಂದು ಅವರು ತಲೆ ಚಚ್ಚಿಕೊಳ್ಳುತ್ತಿದ್ದರು. ಕನ್ನಡ ಶಾಲೆಗೆ ಬಂದರೆ ಅಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ಪಾಡು. ಎರಡೂ ಕಡೆ ನಮ್ಮ ನಾಲಿಗೆ ಸರಿಯಿಲ್ಲವೆಂದೇ ತೀರ್ಪು. ಹೀಗಿರುವಾಗ ಒಬ್ಬ ಮನುಷ್ಯ ಪಾನ್ ಅಂಗಡಿಯಲ್ಲಿ ಕೂತು, ಬೈಗುಳವನ್ನು ಕೂಡ ಅಕ್ಷರ ತಪ್ಪದೆ, ಬಾಯಲ್ಲಿ ಸಕ್ಕರೆ ಇಟ್ಟುಕೊಂಡಂತೆ ಆಡುವುದನ್ನು ಕೇಳಿದರೆ ಮರುಳಾಗದೆ ಇರಲು ಸಾಧ್ಯವೇ? ಇವರು ಲಖನೌದಿಂದಲೋ ದಿಲ್ಲಿಯಿಂದಲೋ ಬಂದವರಿರಬೇಕು ಎಂದುಕೊಂಡೆವು. ಇಂಗ್ಲೆಂಡಿನ ಟಿವಿಯಲ್ಲಿ ಹೆಸರು ಮಾಡಿದ, ಲಂಡನ್ನಿನಲ್ಲಿ ಮನೆಯಿರುವ ನಟ ಎಂದು ಗೊತ್ತಾಗಿದ್ದು ಬಹಳ ತಡವಾಗಿ.

ಅವರು ಹುಟ್ಟಿದ್ದು 1929ರ ಜನವರಿ 8ರಂದು, ಪಂಜಾಬಿನ ಮಾಲೇರ್‌ಕೋಟ್ಲಾದಲ್ಲಿ. ತಂದೆ ಸರ್ಕಾರಿ ವೈದ್ಯರು. ಅವರಿಗೆ ಸಂಯುಕ್ತ ಪ್ರಾಂತದ ಊರಿಂದೂರಿಗೆ ವರ್ಗವಾಗುತ್ತಲೇ ಇತ್ತು, ಮಗನ ಶಾಲೆಯೂ ಬದಲಾಗುತ್ತಿತ್ತು. ಅಲಿಗಢದ ಮಿಂಟೋ ಸರ್ಕಲ್ ಶಾಲೆಯಲ್ಲಿ ಉರ್ದು ಗಟ್ಟಿಯಾಯಿತು. ಮಸ್ಸೂರಿಯ ಮಿಷನರಿ ಶಾಲೆಗಳಲ್ಲಿ ಇಂಗ್ಲಿಷ್ ನಾಲಿಗೆಗೆ ಹತ್ತಿತು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ., ಮಧ್ಯಕಾಲೀನ ಭಾರತದ ಇತಿಹಾಸದಲ್ಲಿ ಎಂ.ಎ. ಮಾಡಿದರು. 1951ರಲ್ಲಿ ದಿಲ್ಲಿ ಆಕಾಶವಾಣಿಯಲ್ಲಿ ಇಂಗ್ಲಿಷ್ ಉದ್ಘೋಷಕರಾಗಿ ಸೇರಿ, ಗೆಳೆಯರೊಡನೆ ಯೂನಿಟಿ ಥಿಯೇಟರ್ ಎಂಬ ಇಂಗ್ಲಿಷ್ ನಾಟಕ ತಂಡ ಕಟ್ಟಿದರು. ಆ ತಂಡದಲ್ಲಿ ನಟಿಸಲು ಬಂದ ಮಧುರ್ ಬಹಾದುರ್ ಮುಂದೆ ಅವರ ಪತ್ನಿಯಾದರು. 1956ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ದೊರೆತು ಅಮೆರಿಕಕ್ಕೆ ಹೋದರು. ಮೂವರು ಹೆಣ್ಣುಮಕ್ಕಳಾದ ಮೇಲೆ ಆ ದಾಂಪತ್ಯ 1960ರ ದಶಕದಲ್ಲೇ ಮುರಿಯಿತು, ಜಾಫ್ರಿ ಲಂಡನ್ನಿಗೆ ಬಂದರು. ಮಧುರ್ ಜಾಫ್ರಿಯವರಂತೂ ಮುಂದೆ ಅಡುಗೆಯ ಪುಸ್ತಕಗಳಿಂದ, ಬಿಬಿಸಿಯ ಅಡುಗೆ ಕಾರ್ಯಕ್ರಮದಿಂದ ಲೋಕಕ್ಕೆಲ್ಲ ಪರಿಚಿತರಾದರು. ಇಂಗ್ಲಿಷರಿಗೆ ಆ ಮನೆಯ ಹೆಸರು ಮೊದಲು ತಲುಪಿದ್ದು ಅಡುಗೆಮನೆಯಿಂದಲೋ ನಾಟಕದಿಂದಲೋ ಎಂದು ಕೇಳಿದರೆ ಹೇಳುವುದು ಕಷ್ಟ.

ಅಮೆರಿಕದ ದಿನಗಳ ಒಂದು ಸಂಗತಿಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಇ.ಎಂ. ಫಾರ್ಸ್ಟರ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯನ್ನು ನಾಟಕ ಮಾಡಿದವರು ಸಾಂತಾ ರಾಮರಾವ್. ಮಂಗಳೂರು ಮೂಲದ ಬೆನೆಗಲ್ ಮನೆತನದವರು, ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನೆಗಲ್ ರಾಮರಾಯರ ಮಗಳು. ಆ ನಾಟಕ 1962ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದಾಗ ಡಾ. ಅಜೀಜ್ ಆಗಿದ್ದವರು ಜಿಯಾ ಮೊಹಿಯುದ್ದೀನ್. ಪ್ರೊಫೆಸರ್ ಗೋಡ್ಬೋಲೆ ಎಂಬ ಬ್ರಾಹ್ಮಣನ ಪಾತ್ರ ಸಯೀದ್ ಜಾಫ್ರಿಯವರದು. ಇಪ್ಪತ್ತೆರಡು ವರ್ಷಗಳ ಮೇಲೆ, 1984ರಲ್ಲಿ, ಡೇವಿಡ್ ಲೀನ್ ಅದೇ ಕಥೆಯನ್ನು ಸಿನಿಮಾ ಮಾಡಿದರು. ಚಿತ್ರದ ಪಟ್ಟಿಯಲ್ಲಿ ಸಾಂತಾ ಅವರ ನಾಟಕದ ಹೆಸರೂ ಇದೆ. ಬೆಂಗಳೂರು ಅರಮನೆಯ ಆವರಣದಲ್ಲಿ ಚಂದ್ರಪುರ ಎದ್ದಿತು. ಸಾವನದುರ್ಗ, ರಾಮನಗರದ ಬಂಡೆಗಳು ಮರಬಾರ್ ಗುಹೆಗಳಾದವು. ಆ ಸಿನಿಮಾದಲ್ಲಿ ಜಾಫ್ರಿ ಇದ್ದಾರೆ, ಅಜೀಜನ ಹಿತೈಷಿ ವಕೀಲ ಹಮೀದುಲ್ಲಾ ಆಗಿ. ಗೋಡ್ಬೋಲೆ ಯಾರು? ಸರ್ ಅಲೆಕ್ ಗಿನ್ನೆಸ್, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು.

ಗಿನ್ನೆಸ್ ದೊಡ್ಡ ನಟ, ಅದರಲ್ಲಿ ನಮಗೆ ತಕರಾರಿಲ್ಲ. ಮುಸ್ಲಿಮನೊಬ್ಬ ಬ್ರಾಹ್ಮಣನಾಗುವುದು, ಇಂಗ್ಲಿಷಿನವನು ಭಾರತೀಯನಾಗುವುದು ನಾಟಕದಲ್ಲಿ ಇದ್ದದ್ದೇ. ಆದರೆ ಆ ಬಣ್ಣ ಒಂದೇ ಕಡೆಗೆ ಹರಿಯುತ್ತಿತ್ತು. ಪೀಟರ್ ಸೆಲ್ಲರ್ಸ್ 1968ರ 'ದಿ ಪಾರ್ಟಿ'ಯಲ್ಲಿ ಹೃಂಡಿ ಭಕ್ಷಿ ಎಂಬ ಭಾರತೀಯನಾಗಿ ಜಗತ್ತನ್ನು ನಗಿಸಿದರು. ಬಿಬಿಸಿಯ 'ಇಟ್ ಏಂಟ್ ಹಾಫ್ ಹಾಟ್ ಮಮ್' ಹಾಸ್ಯ ಧಾರಾವಾಹಿಯಲ್ಲಿ ರಂಗಿ ರಾಮನಾಗಿ ಮೈಕೆಲ್ ಬೇಟ್ಸ್ ಬಣ್ಣ ಹಚ್ಚಿದರು. ಜಾಫ್ರಿಯನ್ನು ಕರೆದು ಬಿಳಿ ಬಣ್ಣ ಬಳಿದು, ಬನ್ನಿ, ಒಬ್ಬ ಇಂಗ್ಲಿಷ್ ಪಾದ್ರಿಯಾಗಿ ಎಂದು ಯಾರೂ ಹೇಳಲಿಲ್ಲ. ತಾನು ಬ್ರಾಡ್‌ವೇಯಲ್ಲಿ ಮಾಡಿದ ಪಾತ್ರವನ್ನು ಇನ್ನೊಬ್ಬರು ಬಣ್ಣದ ಬಲದಿಂದ ಮಾಡುತ್ತಿರುವಾಗ, ಅದೇ ಚಿತ್ರದಲ್ಲಿ ಸಣ್ಣ ಪಾತ್ರವನ್ನು ಅಷ್ಟು ಹಸನಾಗಿ ಮಾಡಿ ಬರುವುದಕ್ಕೆ ಒಂದು ಬಗೆಯ ಸಬರ್ ಬೇಕು.

ಜಾಫ್ರಿ ತಮ್ಮ ಜಾಗ ಮಾಡಿಕೊಂಡದ್ದು ಟಿವಿಯಲ್ಲಿ. 1970ರ ದಶಕದಲ್ಲಿ ಬಿಬಿಸಿಯ 'ಗ್ಯಾಂಗ್‌ಸ್ಟರ್ಸ್' ಧಾರಾವಾಹಿಯಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ರಫೀಕ್ ಆದರು. ನಯವಾಗಿ ಮಾತಾಡುತ್ತಾ ಕಳ್ಳ ದಾರಿಯಲ್ಲಿ ಜನರನ್ನು ದೇಶದೊಳಕ್ಕೆ ಸಾಗಿಸುವ ಖದೀಮ. 1984ರಲ್ಲಿ ಗ್ರಾನಡಾ ಕಂಪನಿ ಪಾಲ್ ಸ್ಕಾಟ್ ಅವರ ಕಾದಂಬರಿಗಳನ್ನು ಹದಿನಾಲ್ಕು ಕಂತುಗಳ 'ದಿ ಜ್ಯುವೆಲ್ ಇನ್ ದಿ ಕ್ರೌನ್' ಮಾಡಿದಾಗ ಮೀರತ್ ಎಂಬ ಕಲ್ಪಿತ ಸಂಸ್ಥಾನದ ನವಾಬರಾದರು. ಅದೇ ವರ್ಷ 'ದಿ ಫಾರ್ ಪೆವಿಲಿಯನ್ಸ್'ನಲ್ಲಿ ಬಿಜು ರಾಮ್ ಎಂಬ ಕುಟಿಲ. ಬ್ರಿಟನ್ನಿನವರಿಗೆ ಆಗ ರಾಜ್ ಕಾಲದ ನೆನಪಿನ ಗುಂಗು ಹತ್ತಿತ್ತು, ಎಲ್ಲಿ ನೋಡಿದರೂ ಆನೆ, ಅಂಬಾರಿ, ಮೇಮ್‌ಸಾಹೇಬರು. ಮರುವರ್ಷವೇ ಚಾನೆಲ್ 4ರಲ್ಲಿ ಫಾರೂಖ್ ಧೊಂಡಿ ಬರೆದ 'ತಂದೂರಿ ನೈಟ್ಸ್' ಹಾಸ್ಯ ಧಾರಾವಾಹಿ ಬಂತು. ಅದರಲ್ಲಿ ಜಾಫ್ರಿ ಲಂಡನ್ನಿನಲ್ಲಿ ಹೋಟೆಲು ಇಟ್ಟ ಜಿಮ್ಮಿ ಶರ್ಮಾ. ಹೋಟೆಲಿನ ಹೆಸರು 'ದಿ ಜ್ಯುವೆಲ್ ಇನ್ ದಿ ಕ್ರೌನ್', ಎದುರಾಳಿ ಹೋಟೆಲಿನ ಹೆಸರು 'ದಿ ಫಾರ್ ಪೆವಿಲಿಯನ್ಸ್'! ಇಂಗ್ಲಿಷರು ಕಣ್ಣೀರು ಸುರಿಸಿ ನೋಡಿದ ಸಾಮ್ರಾಜ್ಯವನ್ನು ಎರಡು ಬೋರ್ಡು ಮಾಡಿ, ಕೋಳಿ ಮಾರುವ ಅಂಗಡಿಗಳ ಮೇಲೆ ತೂಗುಹಾಕಿದ ಈ ಚೇಷ್ಟೆಗೆ ನಾವು ಈಗಲೂ ಮನಸಾರೆ ನಗುತ್ತೇವೆ.

ಇನ್ನು 'ಮೈ ಬ್ಯೂಟಿಫುಲ್ ಲಾಂಡ್ರೆಟ್'. ಹನೀಫ್ ಕುರೇಶಿ ಬರೆದು ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ್ದು, ಚಾನೆಲ್ 4ರ ಟಿವಿಗೆಂದು ಕಡಿಮೆ ಖರ್ಚಿನಲ್ಲಿ ತೆಗೆದದ್ದು. 1985ರಲ್ಲಿ ಸಿನಿಮಾ ಮಂದಿರಗಳಿಗೂ ಹೋಗಿ ದೊಡ್ಡ ಹೆಸರು ಮಾಡಿತು. ಅದರಲ್ಲಿ ಜಾಫ್ರಿ ನಾಸಿರ್, ದಕ್ಷಿಣ ಲಂಡನ್ನಿನ ಪಾಕಿಸ್ತಾನಿ ವ್ಯಾಪಾರಿ. ಗ್ಯಾರೇಜು, ಬಾಡಿಗೆ ಮನೆ, ಮುಗ್ಗರಿಸುತ್ತಿರುವ ಲಾಂಡ್ರಿ ಎಲ್ಲ ಇದೆ. ಮನೆಯಲ್ಲಿ ಹೆಂಡತಿ ಬಿಲ್ಕಿಸ್, ಹೊರಗೆ ರೇಚಲ್ ಎಂಬ ಇಂಗ್ಲಿಷ್ ಗೆಳತಿ. ದುಡ್ಡಿನ ವಿಷಯದಲ್ಲಿ ದಯೆಯಿಲ್ಲ, ಬಾಡಿಗೆ ಕೊಡದ ತನ್ನ ದೇಶದವನನ್ನೂ ಬೀದಿಗೆ ಹಾಕಿಸುತ್ತಾನೆ. ಹಾಗೆಯೇ, ಹಾಸಿಗೆ ಹಿಡಿದ, ಕುಡಿತಕ್ಕೆ ಬಿದ್ದ ಅಣ್ಣನ ಮಗನಿಗೆ ಕೈಹಿಡಿದು ಕೆಲಸ ಕೊಡುವವನೂ ಅವನೇ. ಜಾಫ್ರಿ ಈ ಮನುಷ್ಯನನ್ನು ಕೆಟ್ಟವನೆಂದೂ ತೋರಿಸುವುದಿಲ್ಲ, ಅವನ ಪರವಾಗಿ ವಕೀಲಿಕೆಯನ್ನೂ ಮಾಡುವುದಿಲ್ಲ. ದೊಡ್ಡ ನಗು ನಗುತ್ತಾ ತಿಂದು ಕುಡಿದು ಬಾಳುವವನನ್ನು ಹಾಗೆಯೇ ನಮ್ಮೆದುರಿಗೆ ಕೂರಿಸುತ್ತಾರೆ. ಆ ಪಾತ್ರಕ್ಕೆ ಬ್ರಿಟನ್ನಿನ ಬಾಫ್ತಾ ಪ್ರಶಸ್ತಿಗೆ ನಾಮಕರಣವಾಯಿತು. ಇತ್ತ ನ್ಯೂಯಾರ್ಕಿನಲ್ಲಿ ಪಾಕಿಸ್ತಾನಿ ಮೂಲದ ಕೆಲವರು ಚಿತ್ರವನ್ನು ವಿರೋಧಿಸಿ ಬೀದಿಗೆ ಬಂದರು. ನಮ್ಮವರು ಹೀಗೇನಾ, ನೋಡುವವರು ಏನೆಂದುಕೊಳ್ಳಬೇಕು ಎಂಬುದು ಅವರ ಸಿಟ್ಟು.

ಆ ಸಿಟ್ಟು ನಮಗೆ ಗೊತ್ತಿರುವಂಥದೇ. ಹಲವು ವರ್ಷಗಳ ಹಿಂದೆ ನಮ್ಮ ಒಂದು ಕಥೆ ಅಚ್ಚಾಯಿತು. ಅದರಲ್ಲೊಬ್ಬ ಹಾಜಿ, ಐದು ಹೊತ್ತಿನ ನಮಾಜು ತಪ್ಪಿಸದವನು, ವಿಧವೆ ತಂಗಿಯ ಪಾಲಿನ ಜಾಗವನ್ನು ಉಪಾಯವಾಗಿ ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾನೆ. ನಮ್ಮ ಮಾಮು ಓದಿದರು. ಓದುವ ಹವ್ಯಾಸವಿರುವ, ನಾವು ಬರೆಯಲು ಶುರು ಮಾಡಿದಾಗ ಖುಷಿಪಟ್ಟ ಮಾಮು. ಕನ್ನಡಕ ತೆಗೆದಿಟ್ಟು ಹೇಳಿದರು: "ಬೇಟಾ, ನಮ್ಮನ್ನ ಕೆಟ್ಟವರು ಅನ್ನೋಕೆ ಬೇರೆಯವರು ಬೇಕಾದಷ್ಟು ಜನ ಇದ್ದಾರೆ. ನೀನೂ ಯಾಕೆ?" ನಾವು ಜವಾಬು ಕೊಡಲಿಲ್ಲ. ಕೊಡಲು ಇರಲಿಲ್ಲ, ಏಕೆಂದರೆ ಮಾಮು ಹೇಳಿದ್ದು ಸುಳ್ಳಲ್ಲ. ಮುಂದಿನ ಕಥೆಯಲ್ಲಿ ನಮ್ಮ ಪಾತ್ರಗಳೆಲ್ಲ ಸಜ್ಜನರಾದರು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಆಸೆಪಡಲಿಲ್ಲ. ಮಾಮುವಿಗೆ ಸಂತೋಷವಾಯಿತು. ಕಥೆ ಸತ್ತುಹೋಗಿತ್ತು, ಅದು ನಮಗೆ ಅಚ್ಚಿನಲ್ಲಿ ನೋಡಿದಾಗಲೇ ತಿಳಿಯಿತು.

ಆ ಸಮಯದಲ್ಲಿಯೇ ಗೆಳೆಯರೊಬ್ಬರ ಮನೆಯಲ್ಲಿ ನಾಸಿರನನ್ನು ನೋಡಿದ್ದು. ಚಿತ್ರದ ಕೊನೆಗೆ ಬಂದಾಗ ನಾಸಿರನ ಹತ್ತಿರ ಏನೂ ಉಳಿದಿರುವುದಿಲ್ಲ. ಗೆಳತಿ ದೂರವಾಗಿದ್ದಾಳೆ. ಅಣ್ಣನ ಮನೆಯಲ್ಲಿ ನಿಂತು ನೋಡುತ್ತಾನೆ, ಕೆಳಗಿನ ರೈಲು ನಿಲ್ದಾಣದಲ್ಲಿ ಅವನ ಮಗಳು ತಾನಿಯಾ. ರೈಲು ಹಾದು ಹೋಗುತ್ತದೆ. ನಿಲ್ದಾಣದಲ್ಲಿ ಅವಳಿಲ್ಲ. ಅಷ್ಟು ಹೊತ್ತು ನಾವು ಬೈಯುತ್ತಾ ನೋಡಿದ ಮನುಷ್ಯ ಆ ಗಳಿಗೆಯಲ್ಲಿ ಬರೀ ಒಬ್ಬ ಅಪ್ಪ. ಮೊದಲಿನಿಂದ ಅವನನ್ನು ಸಾಧು ಮಾಡಿಟ್ಟಿದ್ದರೆ ಆ ರೈಲು ನಮ್ಮನ್ನು ಹೀಗೆ ತಟ್ಟುತ್ತಿರಲಿಲ್ಲವೆಂದು ಅವತ್ತು ರಾತ್ರಿಯೆಲ್ಲ ಅನಿಸುತ್ತಿತ್ತು.

ಹಾಗೆಂದು ಜಾಫ್ರಿಯವರಿಗೆ ಬಂದದ್ದೆಲ್ಲ ನಾಸಿರನಂಥ ಪಾತ್ರಗಳಲ್ಲ. ಹೊಟ್ಟೆಪಾಡಿಗೆ ಮಾಡಿದ್ದೂ ಬೇಕಾದಷ್ಟಿದೆ. ನಮ್ಮ ಹಿಂದಿ ಸಿನಿಮಾಗಳಲ್ಲಿ ಅವರು 1980ರ, 90ರ ದಶಕಗಳಲ್ಲಿ ಮಾಡಿದ ಮಾಮಾ, ಚಾಚಾ, ಸೇಠ್‌ಗಳಲ್ಲಿ ಹಲವನ್ನು ಮರೆತರೆ ನಷ್ಟವಿಲ್ಲ. ಅವರಿಗೆ 1995ರಲ್ಲಿ ಬ್ರಿಟಿಷ್ ಸರ್ಕಾರದ ಓಬಿಇ ಬಂತು, ನಾಟಕ ಕ್ಷೇತ್ರದ ಸೇವೆಗೆ ಆ ಗೌರವ ಪಡೆದ ಮೊದಲ ಏಷ್ಯನ್ ಎಂದು ಹೇಳುತ್ತಾರೆ. ಅದಾಗಿ ನಾಲ್ಕು ವರ್ಷಕ್ಕೆ, ಎಪ್ಪತ್ತರ ವಯಸ್ಸಿನಲ್ಲಿ, 'ಕೊರೊನೇಷನ್ ಸ್ಟ್ರೀಟ್' ಸೇರಿದರು. 1960ರಿಂದ ನಡೆದು ಬಂದ ಧಾರಾವಾಹಿ ಅದು, ಮ್ಯಾಂಚೆಸ್ಟರ್ ಕಡೆಯ ಒಂದು ಬೀದಿಯ ಜನರ ಕಥೆ. ಆ ಬೀದಿಗೆ ಮೊದಲ ಏಷ್ಯನ್ ಕುಟುಂಬ ವಾಸಕ್ಕೆ ಬಂದದ್ದು 1999ರಲ್ಲಿ. ನಿಜವಾದ ಮ್ಯಾಂಚೆಸ್ಟರಿನಲ್ಲಿ ಅಷ್ಟೊತ್ತಿಗೆ ಎರಡನೆಯ ತಲೆಮಾರಿನ ನಮ್ಮವರು ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು. ಆ ಕುಟುಂಬದ ಯಜಮಾನ ರವಿ ದೇಸಾಯಿಯಾಗಿ ಜಾಫ್ರಿ ಬಂದರು. ಬಂದು ಕೂತದ್ದೆಲ್ಲಿ? ಮೂಲೆ ಅಂಗಡಿಯ ಗಲ್ಲಾದ ಹಿಂದೆ. ಅಲ್ಲಿನ ಟಿವಿಗೆ ಭಾರತೀಯನೆಂದರೆ ಇನ್ನೂ ಅಂಗಡಿಯವನೇ.

ಈ ಎರಡು ಅಂಗಡಿಗಳ ಬಗ್ಗೆ ನಾವು ಆಗಾಗ ಯೋಚಿಸುತ್ತೇವೆ. ಲಲ್ಲನ್ ಮಿಯಾರ ಅಂಗಡಿ ಅವರದ್ದೇ, ಉದ್ರಿ ಕೊಡುವುದೂ ಬಿಡುವುದೂ ಅವರ ಮರ್ಜಿ, ಅಲ್ಲಿನ ಮಾತಿಗೆ ದಿಲ್ಲಿಯ ಗಲ್ಲಿಗಳ ವಾಸನೆಯಿದೆ. ರವಿ ದೇಸಾಯಿಯ ಅಂಗಡಿಯಲ್ಲಿ ಅವರು ಬಹಳ ಕಾಲ ಕೂರಲಿಲ್ಲ. ಗಲ್ಲಾ ಆ ಕುಟುಂಬದ ಕಿರಿಯರ ಕೈಗೆ ಹೋಯಿತು. ಬೇರೆ ನಟರು ಬಂದರು, ಬೀದಿಯಲ್ಲಿ ಬೇರು ಬಿಟ್ಟರು. ಬಾಗಿಲು ತೆರೆಯಲು ಒಬ್ಬ ಹಿರಿಯ ಬೇಕಾಗಿತ್ತೇನೋ.

ಜಾಫ್ರಿ 2015ರ ನವೆಂಬರ್ 15ರಂದು ಲಂಡನ್ನಿನಲ್ಲಿ ತೀರಿಕೊಂಡರು. ಎಂಬತ್ತಾರು ವರ್ಷ. ಭಾರತ ಸರ್ಕಾರ ಪದ್ಮಶ್ರೀ ಕೊಟ್ಟದ್ದು 2016ರ ಜನವರಿಯಲ್ಲಿ, ಅವರು ಇಲ್ಲವಾದ ಮೇಲೆ.

ಸುದ್ದಿ ಬಂದ ವಾರ ನಾವು ಮಾಮುವಿನ ಮನೆಯಲ್ಲಿದ್ದೆವು. ಕಂಪ್ಯೂಟರಿನಲ್ಲಿ 'ಶತ್‌ರಂಜ್ ಕೆ ಖಿಲಾಡಿ' ಹಾಕಿದೆವು. ಸತ್ಯಜಿತ್ ರಾಯ್ 1977ರಲ್ಲಿ ಮಾಡಿದ್ದು. 1856ರ ಲಖನೌ, ಕಂಪನಿ ಸರ್ಕಾರ ರಾಜ್ಯ ನುಂಗಲು ಬಾಗಿಲಿಗೆ ಬಂದಿದ್ದರೂ ಇಬ್ಬರು ಜಾಗೀರುದಾರರಿಗೆ ಚದುರಂಗದ್ದೇ ಧ್ಯಾನ. ಮಿರ್ಜಾ ಆಗಿ ಸಂಜೀವ್ ಕುಮಾರ್, ಮೀರ್ ಆಗಿ ಜಾಫ್ರಿ. ಮೀರ್ ಸಾಹೇಬರ ಮನೆಯಲ್ಲಿ ಹೆಂಡತಿಯ ಮಂಚದ ಕೆಳಗೆ ಒಬ್ಬ ಯುವಕ ಸಿಕ್ಕಿಬೀಳುತ್ತಾನೆ. ಸೈನ್ಯಕ್ಕೆ ಸೇರಿಸಿಕೊಳ್ಳುವವರಿಗೆ ಹೆದರಿ ಅವಿತಿದ್ದಾನೆಂದು ಅವರಿಬ್ಬರೂ ಕಥೆ ಕಟ್ಟುತ್ತಾರೆ. ಮೀರ್ ಸಾಹೇಬರು ನಂಬುತ್ತಾರೆ. ಜಾಫ್ರಿಯ ಮುಖದಲ್ಲಿ ಆ ನಂಬಿಕೆ ಎಷ್ಟು ಮುಗ್ಧವಾಗಿ ಅರಳುತ್ತದೆಂದರೆ, ಮಾಮು ಮೊದಲು ಕೆಮ್ಮಿದರು, ಆಮೇಲೆ ಕಣ್ಣೊರೆಸಿಕೊಂಡು ನಕ್ಕರು. ಅಡುಗೆಮನೆಯಿಂದ ಮಾಮಿ ಬಂದು ಏನಾಯಿತೆಂದು ಕೇಳಿದರು.

"ಇಂಥವರು ಇದ್ದರು ಕಣೇ," ಎಂದರು ಮಾಮು. "ನಮ್ಮ ಅಜ್ಜನ ತಮ್ಮ ಥೇಟ್ ಹೀಗೇ."

ನಾವು ಏನೂ ಹೇಳಲಿಲ್ಲ. ಆ ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕು ಎಂದರು, ಹಾಕಿದೆವು.