ವೇಗವೂ ಲಯವೂ

ವೇಗವಾಗಿ ನುಡಿಸುವವನೇ ದೊಡ್ಡ ವಿದ್ವಾಂಸನೆಂಬ ಭ್ರಾಂತಿಯು ಎಲ್ಲ ದೇಶಗಳಲ್ಲಿಯೂ ಉಂಟು. ಸ್ಪೇನ್ ದೇಶದ ಫ್ಲಮೆಂಕೋ ಸಂಗೀತದಲ್ಲಿ ಜಗತ್ಪ್ರಸಿದ್ಧರಾದ ಗಿಟಾರುವಾದಕ ಪಾಕೋ ದೆ ಲೂಸಿಯಾ ಅವರನ್ನು ಕುರಿತು ಮಾತು ಬಂದಾಗಲೂ ಮೊದಲು ಕೇಳಿಬರುವುದು ಅವರ ವೇಗದ ಸ್ತುತಿಯೇ.

ಗಿಟಾರು ಕಲಿಯುತ್ತಿರುವ ನಮ್ಮ ಮೊಮ್ಮಗನ ದೆಸೆಯಿಂದ ಅವರ ವಾದನವು ಎರಡು ವರ್ಷಗಳಿಂದ ನಮ್ಮ ಕಿವಿಗೆ ಬೀಳುತ್ತಿದೆ. 1980ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾನ್ ಮೆಕ್‌ಲಾಫ್ಲಿನ್, ಅಲ್ ಡಿ ಮಿಯೋಲಾ ಎಂಬವರೊಡನೆ ನುಡಿಸಿದ ಕಛೇರಿಯ ಮುದ್ರಿಕೆಯೇ ಹುಡುಗನಿಗೆ ಪ್ರಮಾಣ. ಆ ಓಟವನ್ನು ಹಿಡಿಯಹೋಗಿ ಬೆರಳು ನೋಯಿಸಿಕೊಂಡನು. "ನನ್ನಿಂದಾಗದು ತಾತ, ಬಿಟ್ಟುಬಿಡುತ್ತೇನೆ" ಎಂದೂ ಹೇಳಿದನು. ಈ ವಾದಕರ ಗುಣವನ್ನು ನಿಧಾನವಾಗಿ ವಿಚಾರಿಸಬೇಕೆಂದು ನಮಗೆ ತೋರಿದುದು ಆಗಲೇ.

ಶಕ್ತಿ, ನಿಪುಣತೆ, ಅಭ್ಯಾಸಗಳು ಮೂರೂ ಕೂಡಿ ಕಾವ್ಯಕ್ಕೆ ಕಾರಣವೆಂದು ಮಮ್ಮಟನ ಮತ. ವಾದನಕ್ಕೂ ಇದೇ ಅಳತೆ ಸಲ್ಲುವುದು.

ಅಭ್ಯಾಸದ ಮಾತಿಗೆ ಸಂದೇಹವಿಲ್ಲ. 1947ರಲ್ಲಿ ಅಲ್ಹೆಸಿರಾಸ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದ ಇವರನ್ನು ಗಿಟಾರುವಾದಕರಾದ ತಂದೆಯೇ ಬಾಲ್ಯದಿಂದ ದಿನವೂ ಹಲವು ತಾಸು ಕೂರಿಸಿ ಸಾಧನೆ ಮಾಡಿಸಿದರು. ತೋರುಬೆರಳನ್ನೂ ನಡುಬೆರಳನ್ನೂ ಒಂದಾದ ಮೇಲೊಂದರಂತೆ ತಂತಿಗೆ ಹೊಡೆಯುವ ಪಿಕಾದೋ ಎಂಬ ಕ್ರಮದಲ್ಲಿ, ಎಷ್ಟು ವೇಗದಲ್ಲಿಯೂ ಇವರ ಸ್ವರವೊಂದೊಂದೂ ಬಿಡಿಬಿಡಿಯಾಗಿ ಕೇಳುವುದು.

ಆದರೆ ನಿಪುಣತೆಯಿರುವುದು ಲಯದಲ್ಲಿ. ಅಲ್ಲಿ ಅದಕ್ಕೆ ಕೊಂಪಾಸ್ ಎಂದು ಹೆಸರು. ಬುಲೆರಿಯಾ ಎಂಬ ಬಗೆಯಲ್ಲಿ ಆವರ್ತಕ್ಕೆ ಹನ್ನೆರಡು ಎಣಿಕೆ. ಸಾಮಾನ್ಯವಾಗಿ 12, 3, 6, 8, 10ನೆಯ ಎಣಿಕೆಗಳ ಮೇಲೆ ಒತ್ತು. ಎಂದರೆ ಮೂರರ ಗುಂಪು ಎರಡು, ಬಳಿಕ ಎರಡರ ಗುಂಪು ಮೂರು. ವಾಚಕರು ತೊಡೆಯ ಮೇಲೆ ತಟ್ಟಿ ನೋಡಬಹುದು. ನಡೆ ಬದಲಾಗುವಲ್ಲಿ ಕೈ ತಡವರಿಸುವುದು. ಅಲ್ಲಿಯೇ ಪಾಕೋ ಅವರ ಹಿರಿಮೆ. ಒತ್ತು ಬೀಳಬೇಕಾದೆಡೆಯಲ್ಲಿ ಅವರು ಒಮ್ಮೊಮ್ಮೆ ಸುಮ್ಮನಾಗುವರು. ಆ ಮೌನವೂ ಲೆಕ್ಕಕ್ಕೆ ಸೇರಿದುದೇ. 1969ರಿಂದ ಹಲವು ವರ್ಷ ಕಮರೋನ್ ದೆ ಲಾ ಇಸ್ಲಾ ಎಂಬ ಗಾಯಕನಿಗೆ ಪಕ್ಕದಲ್ಲಿ ಕುಳಿತು ನುಡಿಸಿದುದರಿಂದ ಈ ಸಂಯಮವು ಬಲಿತಿರಬೇಕೆಂದು ನಮ್ಮ ಊಹೆ.

ಇನ್ನು ಶಕ್ತಿ, ಎಂದರೆ ಪ್ರತಿಭೆ. ಮೊದಲಲ್ಲಿ ನೀನ್ಯೋ ರಿಕಾರ್ದೋ ಎಂಬ ಹಿರಿಯರ ಮಾರ್ಗವನ್ನು ಹಿಡಿದಿದ್ದ ಈ ಯುವಕನಿಗೆ, ಸ್ವಂತ ಸಂಗೀತವನ್ನು ರಚಿಸೆಂದು ಹೇಳಿದವರು ಮತ್ತೊಬ್ಬ ಗಿಟಾರುವಾದಕರಾದ ಸಾಬೀಕಾಸ್. 1973ರ "ಎಂತ್ರೆ ದೋಸ್ ಆಗ್ವಾಸ್" ಎಂಬ ರಚನೆಯಿಂದ ಪಾಕೋ ಮನೆಮಾತಾದರು. ಪೆರು ದೇಶದ ಕಾಹೋನ್ ಎಂಬ ಮರದ ಪೆಟ್ಟಿಗೆಯ ತಾಳವಾದ್ಯವನ್ನು ಫ್ಲಮೆಂಕೋಗೆ ತಂದವರೂ ಅವರೇ. ಸಂಪ್ರದಾಯಸ್ಥರು ಮುನಿದರು, ಇಂದು ಆ ಪೆಟ್ಟಿಗೆಯಿಲ್ಲದ ಮೇಳವೇ ವಿರಳ. ಜಾಜ್ ಸಂಗೀತದವರೊಡನೆ ಬೆರೆತ ಬಳಿಕವೂ 1987ರ "ಸಿರೋಕೋ" ಮುದ್ರಿಕೆಯಲ್ಲಿ ಹಳೆಯ ಬಗೆಗಳಲ್ಲಿಯೇ ಹೊಸತನ್ನು ತೋರಿದರು. ಬೇರನ್ನು ಬಿಡದ ನವೀನತೆಯೆಂದರೆ ಇದು.

ದೋಷವೇ ಇಲ್ಲವೆನ್ನಲಾರೆವು. ಮೇಲೆ ಹೇಳಿದ 1980ರ ಮುದ್ರಿಕೆಯಲ್ಲಿ ಕೆಲವೆಡೆ ಮೂವರ ಪೈಪೋಟಿಯು ರಸವನ್ನು ಹಿಂದೆ ಹಾಕಿದೆ. ಬಾಲಕರ ಕಿವಿಗೆ ಮೊದಲು ಬೀಳುವುದು ಅದೇ ಆಗಿರುವುದು ದುರದೃಷ್ಟ. "ಸಿರೋಕೋ"ವನ್ನು ಕೇಳಿಸಿ, ಕೈಯಲ್ಲಿ ತಾಳ ಹಾಕಿಸಿ, ಗಿಟಾರನ್ನು ಆಮೇಲೆ ಕೊಟ್ಟರೆ ಒಳಿತು.

ಪಾಕೋ ಅವರು 2014ರಲ್ಲಿ ಮೆಕ್ಸಿಕೋದಲ್ಲಿ ತೀರಿಕೊಂಡರು. ಅವರಷ್ಟು ವೇಗವಾಗಿ ನುಡಿಸುವವರು ಈಗ ಹಲವರಿರಬಹುದು. ಅವರಂತೆ ನಿಲ್ಲಬೇಕಾದಲ್ಲಿ ನಿಲ್ಲುವವರು ವಿರಳ. ಮನೆಯ ಮಕ್ಕಳಿಗೆ ಸಂಗೀತ ಕಲಿಸುವ ತಾಯಿತಂದೆಯರು ಇದನ್ನು ನೆನಪಿನಲ್ಲಿಡಲೆಂದು ನಮ್ಮ ಪ್ರಾರ್ಥನೆ.